ಸತ್ತವರ ವಿಷಯವಾಗಿ ನಾವು ಆಡುವ ಮಾತುಗಳು

ಒಂದು ಮನೆಯಲ್ಲಿ ಮರಣವಾದಾಗ ಮೊದಲು ಬೇಕಾಗುವದು ಒಂದು ಮಾತು. ಬಂಧುಗಳಿಗೆ ಸುದ್ದಿ ಕಳುಹಿಸಬೇಕು, ಸಭೆಗೆ ತಿಳಿಸಬೇಕು, ಬಾಗಿಲಿಗೆ ಬಂದವರಿಗೆ ಏನಾಯಿತೆಂದು ಹೇಳಬೇಕು. ಆಗ ಯಾವ ಮಾತನ್ನು ಆಡತಕ್ಕದ್ದು? ಇದು ಬರೀ ಬಾಯುಪಚಾರದ ಸಂಗತಿಯೆಂದು ಕೆಲವರು ಎಣಿಸಬಹುದು. ನಮಗೆ ಹಾಗೆ ತೋರುವದಿಲ್ಲ. ಯಾಕಂದರೆ ಮರಣದ ವಿಷಯವಾಗಿ ನಾವು ನಂಬಿರುವದು ಆ ಮಾತಿನಲ್ಲಿಯೇ ಹೊರಗೆ ಬೀಳುವದು.

ನಮ್ಮ ಕನ್ನಡದಲ್ಲಿ ಇಂಥ ಮಾತುಗಳಿಗೆ ಕೊರತೆಯಿಲ್ಲ. ಸತ್ತನು, ತೀರಿಹೋದನು, ಕಾಲವಾದನು, ದೈವಾಧೀನನಾದನು ಅನ್ನುವರು. ಲಿಂಗವಂತರು ಲಿಂಗೈಕ್ಯನಾದನೆಂದೂ ವಿಷ್ಣುಭಕ್ತರು ವೈಕುಂಠವಾಸಿಯಾದನೆಂದೂ ಹೇಳುವರು. ಇವೆರಡು ಆಯಾ ಜನರ ನಂಬಿಕೆಯಿಂದ ಹುಟ್ಟಿದ ಮಾತುಗಳು. ಅವುಗಳನ್ನು ನಾವು ಹಾಸ್ಯಮಾಡಲೂ ಬಾರದು, ಎರವಲು ತರಲೂ ಬಾರದು. ಆದರೆ ಮಿಕ್ಕವುಗಳಲ್ಲಿ ಬೇರೊಂದು ಭೇದವುಂಟು. ಊರಿನ ಬಾಯಲ್ಲಿ ಗೌಡನು ಕಾಲವಾಗುವನು, ಕೂಲಿಯವನು ಸಾಯುವನು. ದನಕರುಗಳಿಗೂ ಅದೇ ಮಾತು. ನಮ್ಮ ಸಭೆಗಳವರಲ್ಲಿ ಅನೇಕರ ಅಜ್ಜಂದಿರು ಊರವರ ಲೆಕ್ಕದಲ್ಲಿ ಹೀಗೆ ಸತ್ತವರೇ. ಆದದರಿಂದ ಎರಡಕ್ಷರ ಕಲಿತ ಮೊಮ್ಮಗನು ಆ ಮಾತಿಗೆ ನಾಚಿ, ತನ್ನ ಮನೆಯವರಿಗೆ ಗೌಡನ ಮಾತನ್ನು ತರುವದು ಆಶ್ಚರ್ಯವಲ್ಲ.

ನಾಚುವದಕ್ಕೆ ಕಾರಣವಾದರೋ ಇಲ್ಲ. ಈಜೆಬೆಲಳಿಗೆ ಹೋದ ಸುದ್ದಿಯಲ್ಲಿ ನಾಬೋತನಿಗೆ ದೊರೆತದ್ದು ಸತ್ತನೆಂಬ ಬರೀ ಮಾತು. ಅವನ ತೋಟವನ್ನು ಕಸುಕೊಂಡ ಅಹಾಬನಾದರೋ ದಾವೀದನ ಹಾಗೆಯೇ ಪಿತೃಗಳ ಸಂಗಡ ನಿದ್ರೆಹೋದನೆಂದು ಅರಸುಗಳ ಪುಸ್ತಕದಲ್ಲಿ ಬರೆದಿರುವದು. ಆದರೂ ದೇವರು ಲೆಕ್ಕ ಕೇಳಿದ್ದು ನಾಬೋತನ ರಕ್ತಕ್ಕೆ. ಇನ್ನೂ ದೊಡ್ಡದೊಂದುಂಟು. ಪೌಲನು ಕೊರಿಂಥದವರಿಗೆ ಸುವಾರ್ತೆಯ ಸಾರವನ್ನು ಬರೆದಾಗ, ಕ್ರಿಸ್ತನ ವಿಷಯವಾಗಿ ಮೆತ್ತನೆಯ ಮಾತನ್ನು ಹುಡುಕದೆ, ನಮ್ಮ ಪಾಪಗಳಿಗೋಸ್ಕರ ಸತ್ತನೆಂದೇ ಬರೆದನು. ಕೂಲಿಯವನಿಗೆ ಊರು ಬಿಟ್ಟುಕೊಟ್ಟ ಮಾತನ್ನು ಕರ್ತನು ತನ್ನ ಮೇಲೆ ತೆಗೆದುಕೊಂಡನು.

ಹಾಗಾದರೆ ನಿದ್ರೆಹೋದನೆಂಬ ಮಾತು ನಮಗೆ ಬೇಡವೋ? ಬೇಕು. ಮೊದಲಿನ ಕ್ರೈಸ್ತರು ತಮ್ಮವರನ್ನು ಹೂಣಿಟ್ಟ ಸ್ಥಳಕ್ಕೆ ಗ್ರೀಕ್ ಭಾಷೆಯಲ್ಲಿ ಮಲಗುವ ಸ್ಥಳವೆಂಬ ಹೆಸರನ್ನೇ ಇಟ್ಟುಕೊಂಡರು. ಆದರೆ ಬೇಥಾನ್ಯದ ಸಂಗತಿಯನ್ನು ಗಮನಿಸಿರಿ. ಲಾಜರನು ನಿದ್ರಿಸುತ್ತಾನೆಂದು ಕರ್ತನು ಹೇಳಲು, ಶಿಷ್ಯರು ಅದನ್ನು ದೇಹದ ನಿದ್ರೆಯೆಂದು ತಿಳಿದು, ರೋಗಿಗೆ ಗುಣವಾದೀತೆಂದರು. ಆಗ ಆತನು ಲಾಜರನು ಸತ್ತನೆಂದು ಬಿಚ್ಚಿ ಹೇಳಿದನು. ಎಬ್ಬಿಸುವ ಅಧಿಕಾರವುಳ್ಳಾತನೇ ಹೀಗೆ ಮಾಡಿದ ಮೇಲೆ, ನಾವು ಮೆತ್ತನೆಯ ಮಾತಿನ ಹಿಂದೆ ಮರಣವನ್ನು ಮುಚ್ಚಿಡುವದು ಸರಿಯಲ್ಲ. ವಿಶೇಷವಾಗಿ ಚಿಕ್ಕ ಮಕ್ಕಳಿಗೆ, ಅಪ್ಪನು ಮಲಗಿದ್ದಾನೆಂದು ಮಾತ್ರ ಹೇಳಿ ಬಿಡಬೇಡಿರಿ. ಮಗುವು ಬಾಗಿಲು ನೋಡುತ್ತಾ ಕೂತುಕೊಳ್ಳುವದು. ಇಲ್ಲವೆ ರಾತ್ರಿ ತಾನು ಮಲಗುವದಕ್ಕೆ ಹೆದರುವದು. ಸತ್ತನೆಂದು ಮೊದಲು ಹೇಳಿ, ನಿದ್ರೆಯ ಮಾತನ್ನೂ ಎಬ್ಬಿಸುವಾತನ ಹೆಸರನ್ನೂ ಆಮೇಲೆ ಕೂಡಿಸಿ ಹೇಳಿರಿ.

ಹೂಣುವದಕ್ಕೆ ನಮ್ಮ ಬಡಗಣ ಸೀಮೆಯವರು ಆಡುವ ಮಾತು ನಮಗೆ ಬಹಳ ಹಿಡಿಸುತ್ತದೆ. ಅವರು ಮಣ್ಣುಮಾಡಿದೆವು, ಮಣ್ಣಿಗೆ ಹೋಗಿಬಂದೆವು ಅನ್ನುವರು. ಆದಾಮನಿಗೆ ದೇವರು ನುಡಿದದ್ದು ಇದರಲ್ಲಿ ಅಡಗಿದೆ. ಮತ್ತು ಪೌಲನು ದೇಹವನ್ನು ಬೀಜಕ್ಕೆ ಹೋಲಿಸಿ ಬರೆದದ್ದನ್ನು ಒಕ್ಕಲಿಗನಿಗೆ ಯಾರೂ ಬಿಡಿಸಿ ಹೇಳಬೇಕಾದದ್ದಿಲ್ಲ.

ಅಳುವ ವಿಷಯದಲ್ಲಿಯೂ ಒಂದು ಮಾತು. ಕ್ರೈಸ್ತರು ಅಳಬಾರದೆಂದು ಕೆಲವು ಹಿರಿಯರು ಗದರಿಸುವರು. ಇದನ್ನು ಅವರು ಎಲ್ಲಿ ಓದಿದರೋ! ಸ್ತೆಫನನು ನಿದ್ರೆಹೋದನೆಂದು ಬರೆದ ಲೂಕನೇ, ಭಕ್ತರು ಅವನನ್ನು ಹೂಣಿಟ್ಟು ಬಹಳವಾಗಿ ಗೋಳಾಡಿದರೆಂದೂ ಬರೆದನು. ನಿರೀಕ್ಷೆಯಿಲ್ಲದವರ ಹಾಗೆ ದುಃಖಿಸಬೇಡಿರೆಂದು ಥೆಸಲೊನೀಕದವರಿಗೆ ಬಂದ ಬುದ್ಧಿವಾದವು ದುಃಖಿಸಲೇ ಬೇಡಿರೆಂಬದಲ್ಲ. ಸತ್ತವಳ ಗುಣಗಳನ್ನು ಎತ್ತಿ ಎತ್ತಿ ಹಾಡಿಕೊಂಡು ಅಳುವ ಮುದುಕಿಯ ಬಾಯನ್ನು ಮುಚ್ಚಿಸಬೇಡಿರಿ.

ಎಲ್ಲಕ್ಕಿಂತ ಕಷ್ಟವಾದದ್ದು ಇನ್ನೊಂದದೆ. ಮಗನು ದೀಕ್ಷಾಸ್ನಾನ ಹೊಂದಿರುವನು. ತಾಯಿಯು ಹೊಂದದೆ ಸಾಯುವಳು. ಆಗ ಸಭೆಯಲ್ಲಿ ಒಬ್ಬನು ನಾಶವಾದಳೆಂದು ಗೊಣಗುವನು; ಮತ್ತೊಬ್ಬನು ಸಮಾಧಾನಪಡಿಸುವದಕ್ಕಾಗಿ, ಕರ್ತನಲ್ಲಿ ನಿದ್ರೆಹೋದಳೆಂದು ಹೇಳುವನು. ಇಬ್ಬರೂ ತಮಗೆ ತಿಳಿಸದೆ ಇರುವದನ್ನು ತಿಳಿದವರ ಹಾಗೆ ಮಾತಾಡುವರು. ನ್ಯಾಯತೀರ್ಪು ದೇವರದು, ಅದನ್ನು ಕಠಿಣವಾಗಿ ಬರೆಯುವದಕ್ಕೂ ಮೃದುವಾಗಿ ಬರೆಯುವದಕ್ಕೂ ನಮಗೆ ಅಪ್ಪಣೆಯಿಲ್ಲ. ಇಲ್ಲಿ ಬರೀ ಮಾತೇ ಸತ್ಯವಾದದ್ದು, ಕನಿಕರವುಳ್ಳದ್ದೂ ಆಗಿದೆ. ಅಬ್ರಹಾಮನು ಹಿತ್ತಿಯರ ಮುಂದೆ ನಿಂತು ಮಕ್ಪೇಲದ ಗವಿಗೆ ನಾನೂರು ಶೆಕೆಲ್ ಬೆಳ್ಳಿಯನ್ನು ತೂಗಿಕೊಟ್ಟಾಗ, ಸಾರಳಿಗೆ ಯಾವ ಬಿರುದನ್ನೂ ಕೂಡಿಸದೆ, ಸತ್ತುಹೋದ ತನ್ನವಳೆಂದಷ್ಟೇ ಹೇಳಿದನು. ಹಾಗೆಯೇ ಆ ಮಗನು, ನನ್ನ ತಾಯಿ ಸತ್ತಳು ಅನ್ನಲಿ. ಸಭೆಯವರೂ ಆಕೆಯನ್ನು ಅವನ ತಾಯಿ ಎಂದೇ ಕರೆಯಲಿ.

ಆ ಮಣ್ಣಿಗೆ ನಾವು ಹೋಗಬಹುದೋ ಎಂದು ಕೇಳುವವರಿದ್ದಾರೆ. ಹೋಗಲೇಬೇಕು. ಪಿಂಡ ಪೂಜೆಗಳ ಹೊತ್ತಿಗೆ ಸುಮ್ಮನೆ ಪಕ್ಕಕ್ಕೆ ನಿಲ್ಲಿರಿ. ಹೊರುವದಕ್ಕೆ ಹೆಗಲು ಕೊಡಿರಿ. ತಾಯಿಯು ಈಗ ಎಲ್ಲಿದ್ದಾಳೆಂದು ಮಗನು ಕೇಳಿದರೆ, ಉತ್ತರವನ್ನು ಕಟ್ಟಿಕೊಡುವದಕ್ಕೆ ಅವಸರಪಡಬೇಡಿರಿ. ಯೋಬನ ಸ್ನೇಹಿತರು ಏಳು ದಿನ ಏಳು ರಾತ್ರಿ ಅವನ ಸಂಗಡ ನೆಲದ ಮೇಲೆ ಮಾತಿಲ್ಲದೆ ಕೂತಿದ್ದರು. ಅಷ್ಟರ ವರೆಗೆ ಅವರಲ್ಲಿ ತಪ್ಪು ಕಾಣಲಿಲ್ಲ. ಆ ಮನೆಯಲ್ಲಿ ಒಲೆ ಹೊತ್ತಿರುವದಿಲ್ಲ. ಮಕ್ಕಳಿಗೆ ರೊಟ್ಟಿ ಪಲ್ಯ ಮಾಡಿ ಒಯ್ಯುವದನ್ನು ನಮ್ಮ ಸಭೆಯ ಹೆಂಗಸರಿಗೆ ಯಾರೂ ಕಲಿಸಬೇಕಾಗಿಲ್ಲ.