ಮುಗಿಲು ಸುರಿಸಿದ ನೀರು

ಆಂಗ್ಲ ಚಿತ್ರಕಾರ ಟರ್ನರನು 1840ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಪ್ರದರ್ಶಿಸಿದ, ಈಗ ಬಾಸ್ಟನ್ ನಗರದ ಕಲಾಸಂಗ್ರಹಾಲಯದಲ್ಲಿರುವ ‘ಗುಲಾಮರ ಹಡಗು’ ಎಂಬ ತೈಲಚಿತ್ರದಲ್ಲಿ ನೋಟಕನನ್ನು ಮೊದಲು ಸೆಳೆಯುವುದು ರಕ್ತವರ್ಣದ ಸೂರ್ಯಾಸ್ತ. ಅದರ ವೈಭವಕ್ಕೆ ಮೈಮರೆತು ನಿಂತ ಬಳಿಕವಷ್ಟೇ, ಬಲಗಡೆಯ ಕೆಳಮೂಲೆಯಲ್ಲಿ ಸಂಕೋಲೆ ಬಿಗಿದ ಕಾಲೊಂದು ನೀರಿನಿಂದ ಮೇಲೆದ್ದಿರುವುದೂ, ಅದನ್ನು ಮೀನುಗಳು ಮುತ್ತಿರುವುದೂ, ಅಲೆಗಳ ಮೇಲೆ ಬೇಡಿಗಳು ತೇಲುತ್ತಿರುವುದೂ ಗೋಚರವಾಗುತ್ತವೆ. ಕಬ್ಬಿಣವು ತೇಲೀತೇ ಎಂದು ಆಕ್ಷೇಪಿಸುವವರುಂಟು. ಮುಳುಗಿ ಮರೆಯಾಗಬೇಕಾದುದನ್ನು ಮುಳುಗಗೊಡದಿರುವುದೇ ಈ ಕೃತಿಯ ಹಠವೆಂದು ನನಗೆ ತೋರುತ್ತದೆ. ಚಿತ್ರವನ್ನು ಹಲವು ವರ್ಷ ತನ್ನ ಬಳಿಯಲ್ಲಿಟ್ಟುಕೊಂಡಿದ್ದ ಕಲಾವಿಮರ್ಶಕ ರಸ್ಕಿನ್ನನಂತಹ ಸಹೃದಯನೇ ಕಡಲನ್ನು ಮನಸಾರೆ ವರ್ಣಿಸಿ, ಗುಲಾಮರ ಸಂಗತಿಯನ್ನು ಅಡಿಟಿಪ್ಪಣಿಗೆ ಇಳಿಸಿದನು.

ದೂರದಲ್ಲಿ ಚಂಡಮಾರುತವೊಂದು ಹಡಗಿನ ಮೇಲೆರಗಲು ಬರುತ್ತಿದೆ. ಪಾಪಿಗೆ ಪ್ರಕೃತಿಯೇ ದಂಡನೆ ವಿಧಿಸುವುದೆಂಬ ಭಾವನೆಯಿಂದ ನಮ್ಮ ಧರ್ಮಬುದ್ಧಿಗೆ ಎಷ್ಟೋ ಸಮಾಧಾನವಾಗುತ್ತದೆ. ಆದರೆ ಆ ಹಡಗು ಒಡೆದರೆ ಮೊದಲು ಮುಳುಗುವವರು ತಳದಲ್ಲಿ ಸರಪಳಿಗೆ ಸಿಕ್ಕಿಬಿದ್ದವರೇ ಅಲ್ಲವೆ?

ಈ ಚಿತ್ರಕ್ಕೆ ಪ್ರೇರಣೆಯೆಂದು ಹಲವರು ಹೇಳುವ, ಗುಲಾಮರನ್ನು ಸಾಗಿಸುತ್ತಿದ್ದ ‘ಜಾಂಗ್’ ಹಡಗಿನ ವೃತ್ತಾಂತವು ಇದಕ್ಕಿಂತಲೂ ಕಠೋರವಾದ ಪ್ರಶ್ನೆಯನ್ನೆತ್ತುತ್ತದೆ. 1781ರ ನವೆಂಬರ್ 29ರಂದು ಮೊದಲುಮಾಡಿ, ಆ ಹಡಗಿನವರು 130ರಷ್ಟು ಆಫ್ರಿಕನರನ್ನು ಜೀವಸಹಿತ ಕಡಲಿಗೆ ಎಸೆದರು. ಕುಡಿಯುವ ನೀರು ಸಾಲದೆಂಬುದು ಅವರು ಹೇಳಿದ ಕಾರಣ. ರೋಗದಿಂದ ಸತ್ತವನಿಗೆ ವಿಮೆಯ ಹಣವಿಲ್ಲ, ಹಡಗನ್ನು ಉಳಿಸಲು ಎಸೆದ ‘ಸರಕಿ’ಗೆ ತಲೆಗೆ 30 ಪೌಂಡು ದೊರೆಯುತ್ತದೆ ಎಂಬುದು ಒಳಗಿನ ಲೆಕ್ಕ. ಈ ನಡುವೆ ಮಳೆ ಸುರಿಯಿತು, ಪೀಪಾಯಿಗಳು ತುಂಬಿದವು. ಆ ಬಳಿಕವೂ ಒಂದು ತಂಡದವರನ್ನು ಎಸೆದರೆಂಬ ಸಾಕ್ಷ್ಯವು ಲಂಡನ್ನಿನ ನ್ಯಾಯಾಲಯದ ಮುಂದೆ ಬಂದಿತು.

ಚಿತ್ರಕಾರನು ಮುಗಿಲಿನಿಂದ ಕೋಪವನ್ನು ಇಳಿಸಿದನು; ಇತಿಹಾಸದಲ್ಲಿ ಇಳಿದದ್ದು ಕರುಣೆ. ಲೋಕದಲ್ಲಿ ಇಷ್ಟು ಕ್ರೌರ್ಯವಿರುವಾಗ ದೇವರು ಏಕೆ ಸುಮ್ಮನಿದ್ದಾನೆಂದು ಕೇಳುವವರು, ಆತನು ಸುಮ್ಮನಿರದ ಆ ದಿನ ಏನು ನಡೆಯಿತೆಂಬುದನ್ನೂ ಸ್ವಲ್ಪ ವಿಚಾರಿಸಬೇಕು. ಕರ್ಮಫಲವೆಂದು ಕೈಕಟ್ಟಿ ಕೂಡುವವರಿಗೂ ಅದೇ ಮಾತು ಸಲ್ಲುತ್ತದೆ. ಅಲ್ಲಿ ಕೊರತೆಯಾದದ್ದು ಅನುಗ್ರಹವಲ್ಲ, ಅದನ್ನು ಸ್ವೀಕರಿಸುವ ಮನುಷ್ಯತ್ವ.

1783ರಲ್ಲಿ ಜೂರಿಯು ಹಡಗಿನ ಮಾಲೀಕರ ಪರವಾಗಿ ತೀರ್ಪಿತ್ತಿತು; ನ್ಯಾಯಾಧೀಶ ಮ್ಯಾನ್ಸ್‌ಫೀಲ್ಡನು ಮರುವಿಚಾರಣೆಗೆ ಅವಕಾಶವಿತ್ತನು. ವಿವಾದವೆಲ್ಲ ವಿಮೆಯ ಹಣದ್ದು. ಗುಲಾಮಗಿರಿಯ ವಿರುದ್ಧ ಹೋರಾಡುತ್ತಿದ್ದ ಗ್ರಾನ್‌ವಿಲ್ ಶಾರ್ಪನು ಎಷ್ಟು ಪ್ರಯತ್ನಿಸಿದರೂ, ಕೊಲೆಯ ಆಪಾದನೆಯ ಮೇಲೆ ಒಬ್ಬನನ್ನೂ ವಿಚಾರಣೆಗೆ ಗುರಿಪಡಿಸಲಿಲ್ಲ.