ಸ್ತ್ರೀರಾಜ್ಯದಿಂದ ಬೋಳಾರಕ್ಕೆ

ಯಾವ ಭೂಪಟದಲ್ಲೂ ಸಿಗದ ದೇಶವೊಂದನ್ನು ಕಲ್ಪಿಸಿ, ಅಲ್ಲಿಗೆ ವೀರನೊಬ್ಬನನ್ನು ಕಳುಹಿಸಿ, ಅಲ್ಲಿನ ರಾಣಿಯೊಡನೆ ಅವನಿಗೆ ಪ್ರೇಮವನ್ನೂ ಸಾಹಸವನ್ನೂ ಒದಗಿಸುವ ಕಥನಕ್ರಮವು ಹಲವು ಭಾಷೆಗಳ ಸಾಹಿತ್ಯದಲ್ಲಿದೆ. ಆಂಥೊನಿ ಹೋಪ್ 1894ರಲ್ಲಿ ಪ್ರಕಟಿಸಿದ ‘ದಿ ಪ್ರಿಸನರ್ ಆಫ್ ಝೆಂಡಾ’ ಕಾದಂಬರಿಯ ರುರಿಟಾನಿಯ ಅಂಥದೊಂದು ದೇಶ. ಭಾರತೀಯ ಕಥನದಲ್ಲಿ ಅದಕ್ಕೆ ಹತ್ತಿರವಾದುದು ಸ್ತ್ರೀರಾಜ್ಯ, ಅಂದರೆ ಹೆಂಗಸರೇ ಆಳುವ, ಹೆಂಗಸರೇ ಕಾಯುವ ನಾಡು. ಲಕ್ಷ್ಮೀಶನ ‘ಜೈಮಿನಿ ಭಾರತ’ದಲ್ಲಿ ಅಶ್ವಮೇಧದ ಕುದುರೆಯನ್ನು ಕಟ್ಟಿಹಾಕುವ ಪ್ರಮೀಳೆ ಈ ನಾಡಿನ ಒಡತಿ, ಯಕ್ಷಗಾನದಲ್ಲಿ ಆಕೆಯದು ಕಸೆ ಸ್ತ್ರೀವೇಷ, ಎಂದರೆ ಸೀರೆಯನ್ನು ಕಚ್ಚೆ ಹಾಕಿ ಉಟ್ಟು ಬಿಲ್ಲು ಹಿಡಿದು ಬರುವ ವೀರವನಿತೆಯ ವೇಷ. ಕಾವ್ಯಕ್ಕೂ ರಂಗಕ್ಕೂ ಇಂಥ ದೇಶ ಬೇಕಾದುದರಲ್ಲಿ ಆಶ್ಚರ್ಯವಿಲ್ಲ. ಆದರೆ ವಿರಕ್ತಿಯನ್ನೇ ಬೋಧಿಸುವ ನಾಥಪಂಥಕ್ಕೆ ಶೃಂಗಾರದ ಈ ದೇಶ ಏಕೆ ಬೇಕಾಯಿತು ಎಂಬುದು ನಿಜವಾದ ಪ್ರಶ್ನೆ, ಮತ್ತು ಅದನ್ನು ಕೇಳಲು ಮಂಗಳೂರಿನಷ್ಟು ತಕ್ಕ ಊರು ಇನ್ನೊಂದಿಲ್ಲ.

ನಾಥರ ಕಥೆಯಲ್ಲಿ ಗುರು ಮತ್ಸ್ಯೇಂದ್ರನಾಥನು ಸ್ತ್ರೀರಾಜ್ಯಕ್ಕೆ ಹೋಗಿ, ಅಲ್ಲಿನ ರಾಣಿಯ ಜೊತೆ ಸಂಸಾರ ಹೂಡಿ, ತಾನು ಯೋಗಿಯೆಂಬುದನ್ನೇ ಮರೆಯುತ್ತಾನೆ. ಶಿಷ್ಯ ಗೋರಖನಾಥನು ನರ್ತಕಿಯರ ಮೇಳದೊಳಗೆ ವೇಷ ಮರೆಸಿ ಸೇರಿಕೊಂಡು, ಮದ್ದಳೆಯ ನುಡಿತದಲ್ಲೇ ಗುರುವನ್ನು ಎಚ್ಚರಿಸಿ ಕರೆತರುತ್ತಾನೆ. ಗುರುವೇ ಮರೆತು ಶಿಷ್ಯನೇ ಎಚ್ಚರಿಸುವ ಈ ತಿರುವಿಗೆ ಎದೆಗಾರಿಕೆ ಬೇಕು. ಆ ನಾಡಿಗೆ ಕದಳೀವನವೆಂಬ ಹೆಸರೂ ಉಂಟು. ಕದಳಿ ಎಂದರೆ ಬಾಳೆ. ಮೈತ್ರಾಯಣೀ ಉಪನಿಷತ್ತು ದೇಹಧಾರಿಯ ಬದುಕನ್ನು ಬಾಳೆಯ ಗರ್ಭದಂತೆ ಸಾರವಿಲ್ಲದ್ದೆಂದು ಹೋಲಿಸುತ್ತದೆ: ಪಟ್ಟೆಯ ಮೇಲೆ ಪಟ್ಟೆ ಸುಲಿಯುತ್ತ ಹೋದರೆ ಒಳಗೆ ತಿರುಳೇ ಇಲ್ಲ. ಆದ್ದರಿಂದ ಕದಳೀವನವು ದೇಹದ, ಅದನ್ನು ಹಿಡಿದಿಡುವ ಮಾಯೆಯ ಸಂಕೇತವೆಂದು ತಾತ್ತ್ವಿಕರು ಅರ್ಥ ಹೇಳುತ್ತಾರೆ.

ಈ ಹೋಲಿಕೆಯನ್ನು ಕರಾವಳಿಯ ಅಡುಗೆಮನೆ ಪೂರ್ತಿ ಒಪ್ಪಲಾರದು. ಗೊನೆ ಹಾಕುವ ಮೊದಲು ಬಾಳೆಯನ್ನು ಕಡಿದರೆ ಸಿಗುವುದು ಸುರುಳಿಗಟ್ಟಿದ ಪಟ್ಟೆ ಮಾತ್ರ, ಉಪನಿಷತ್ತಿನ ಮಾತು ಅಲ್ಲಿಗೆ ಸರಿ; ಆದರೆ ಗೊನೆ ಬಿಟ್ಟ ಬಾಳೆಯ ನಡುವೆ ಹೂವನ್ನು ಹೊತ್ತು ಮೇಲೇರಿದ ಬಿಳಿಯ ದಿಂಡು ಇರುತ್ತದೆ, ಗೊನೆ ಇಳಿಸಿದ ಮೇಲೆ ಅದನ್ನು ಬಿಲ್ಲೆಬಿಲ್ಲೆಯಾಗಿ ಹೆಚ್ಚಿ, ನಾರನ್ನು ಬೆರಳಿಗೆ ಸುತ್ತಿ ತೆಗೆದು ಪಲ್ಯ ಮಾಡುತ್ತಾರೆ. ಕದಳಿಯ ದೇಶವೂ ಹಾಗೆಯೇ, ಯಾವ ಹದದಲ್ಲಿ ಅದನ್ನು ತೆರೆದು ನೋಡಿದರೆಂಬುದರ ಮೇಲೆ ಅದು ಬರಿದೋ ತಿರುಳುಳ್ಳದ್ದೋ ಆಗುತ್ತದೆ.

ಮಂಗಳೂರಿನ ಕದ್ರಿಯು ಕದಳಿಯೆಂಬ ಹೆಸರಿನಿಂದಲೇ ಬಂದುದೆಂದು ಊರಿನ ನಂಬಿಕೆ. ಅಲ್ಲಿನ ಮಂಜುನಾಥ ದೇವಾಲಯದಲ್ಲಿರುವ ಮೂರು ಮುಖ, ಆರು ಕೈಗಳ ಲೋಕೇಶ್ವರನ ಕಂಚಿನ ಮೂರ್ತಿಯ ಪೀಠಶಾಸನವು ಆಳುಪ ಅರಸ ಕುಂದವರ್ಮನು ಅದನ್ನು ಕದರಿಕಾ ವಿಹಾರದಲ್ಲಿ ಸ್ಥಾಪಿಸಿದನೆಂದು ಹೇಳುತ್ತದೆ. ಅದರ ಕಾಲವನ್ನು ಸಾಮಾನ್ಯವಾಗಿ ಕ್ರಿ.ಶ. 968 ಎಂದು ಎಣಿಸುತ್ತಾರೆ. ಬೆಟ್ಟದ ಮೇಲೆ ನಾಥರ ಜೋಗಿ ಮಠ ಇಂದಿಗೂ ಇದೆ. ಊರಿನ ಐತಿಹ್ಯದಲ್ಲಿ ಮತ್ಸ್ಯೇಂದ್ರನಾಥನ ಜೊತೆ ಬಂದವಳು ಮಲಯಾಳ ದೇಶದ ರಾಜಕುಮಾರಿ. ಪರಿಮಳೆಯೆಂದೂ ಪ್ರೇಮಲಾದೇವಿಯೆಂದೂ ಕರೆಯಲ್ಪಡುವ ಆಕೆ ರಾಜ್ಯವನ್ನು ಬಿಟ್ಟು, ಗುರುವಿನಿಂದ ಮಂಗಳಾದೇವಿಯೆಂಬ ಹೆಸರು ಪಡೆದು, ದಾರಿಯಲ್ಲಿ ಕಾಯಿಲೆ ಬಿದ್ದು ಮಂಗಳೂರಿನ ಬೋಳಾರದಲ್ಲಿ ದೇಹ ಬಿಟ್ಟಳು. ಅಲ್ಲಿ ಗುಡಿ ಎದ್ದಿತು, ಊರಿಗೆ ಅವಳ ಹೆಸರೇ ನಿಂತಿತು.

ರುರಿಟಾನಿಯದ ರಾಜಕುಮಾರಿ ಫ್ಲೇವಿಯಾ ಕರ್ತವ್ಯಕ್ಕೆ ಕಟ್ಟುಬಿದ್ದು ತನ್ನ ನಾಡಿನಲ್ಲೇ ಉಳಿಯುತ್ತಾಳೆ, ಪ್ರೇಮಿ ತನ್ನ ದೇಶಕ್ಕೆ ಮರಳುತ್ತಾನೆ. ನಾಥರ ಪ್ರಚಲಿತ ಕಥೆಯೂ ಗುರುವನ್ನು ಬಿಡಿಸಿಕೊಂಡು ರಾಣಿಯನ್ನು ಹಿಂದೆ ಬಿಡುತ್ತದೆ. ಮಂಗಳೂರಿನ ಐತಿಹ್ಯವೊಂದೇ ಆಕೆಯನ್ನೂ ದಾರಿಗೆ ಹಚ್ಚುತ್ತದೆ. ಪುರುಷನ ವೈರಾಗ್ಯಕ್ಕೆ ಪರೀಕ್ಷೆಯೆಂದು ನಿಂತಿದ್ದವಳು ತಾನೇ ವಿರಕ್ತೆಯಾಗುತ್ತಾಳೆ. ಹೆಣ್ಣನ್ನೇ ಮಾಯೆಯೆಂದು ಓದುವ ತತ್ತ್ವಕ್ಕಿಂತ ಈ ಊರಿನ ಕಥೆ ಧರ್ಮಕ್ಕೆ ಹೆಚ್ಚು ಹತ್ತಿರವೆಂದು ಹೇಳಲೇಬೇಕು.

ಇದಕ್ಕೆ ನೆಲದ ಗುಣವೂ ಕಾರಣವಿದ್ದೀತು. ಸೋದರಿಯ ಮಕ್ಕಳಿಗೆ ಹಕ್ಕು ಸಲ್ಲುವ ಅಳಿಯಸಂತಾನದ ತುಳುನಾಡಿಗೆ ಹೆಣ್ಣಿನ ಆಳ್ವಿಕೆ ಕಟ್ಟುಕಥೆಯಾಗಿರಲಿಲ್ಲ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಇಲ್ಲಿಗೆ ಬಂದಾಗ ಕದ್ರಿಯಲ್ಲಿ ಜೋಗಿಗಳ ಅರಸನನ್ನೂ ಕಂಡನು, ನೇತ್ರಾವತಿಯಾಚೆಯ ಉಳ್ಳಾಲದ ರಾಣಿಯನ್ನೂ ಕಂಡನು. ಕಾಲುವೆ ತೋಡಿಸುವ ಕೆಲಸವನ್ನು ನೋಡಲು ಆಕೆ ಬರಿಗಾಲಲ್ಲಿ ನಡೆದು ಬಂದಿದ್ದಳು. ಉಡುಗೆಯಲ್ಲಿ ರಾಣಿಯ ಲಕ್ಷಣ ಕಾಣದ ಅವನಿಗೆ ಮಾತಿನಲ್ಲಿ ವಿವೇಕವಂತ ಅರಸಿ ಕಂಡಳು. ಸ್ತ್ರೀರಾಜ್ಯವನ್ನು ಹೊಳೆಯಾಚೆ ಕಣ್ಣಾರೆ ಕಂಡಿದ್ದ ಜನ ಅದರ ರಾಣಿಯನ್ನು ಮೋಹಿನಿಯೆಂದು ತಳ್ಳಿಹಾಕದೆ ಇದ್ದುದು ಸಹಜವೇ.

ಕದ್ರಿಯ ಜಾತ್ರೆಯ ಮೊದಲ ದಿನಗಳಲ್ಲಿ ಬೆಟ್ಟದ ಯೋಗಿಗಳು ಇಂದಿಗೂ ಬೋಳಾರಕ್ಕೆ ಬಂದು ಮಂಗಳಾದೇವಿಗೆ ಪೂಜೆಯನ್ನೂ ರೇಷ್ಮೆ ವಸ್ತ್ರವನ್ನೂ ಸಲ್ಲಿಸುತ್ತಾರೆ.