ನಾಲಿಗೆಯ ಋಣ

ನಮ್ಮ ತಾಳವಾಡಿ ಬೆಟ್ಟ ಚಹಾ ತೋಟದ ಸೀಮೆಯಲ್ಲ. ರಾಗಿ, ಕೋಸು, ಅರಿಸಿನ, ಬಾಳೆ ಬೆಳೆಯುವ ಊರುಗಳಿವು. ಆದರೂ ದಿಂಬಂ ಘಾಟಿಯ 27 ತಿರುವುಗಳನ್ನು ಹತ್ತಿ ಬಂದವನಿಗೆ ಮೊದಲು ಬೇಕಾಗುವುದು ಒಂದು ಲೋಟ ಬಿಸಿ ಟೀ. ಮೂರು ವರ್ಷದ ಹಿಂದೆ ಸಂಕ್ರಾಂತಿಗೆ ಹಾಗೆ ಬಂದು ಅಕ್ಕನ ಮನೆಯ ಜಗುಲಿಯಲ್ಲಿ ಕುಳಿತೆ. ಹಾಲು ಬೆಲ್ಲ ಹಾಕಿ ಕುದಿಸಿದ ಟೀಯನ್ನು ಮುಂದಿಟ್ಟು ಅಕ್ಕ, "ಎಂಗದ?" ಎಂದಳು. "ಪುಡಿ ಹಳೇದು ಅಕ್ಕ, ಕುದ್ದೂ ಜಾಸ್ತಿ ಆಗದ" ಎಂದುಬಿಟ್ಟೆ. ಅವಳು ಏನೂ ಹೇಳಲಿಲ್ಲ. ಮುಂದಿನ ಸಲದಿಂದ ಭಾವನಿಗೂ ಮಕ್ಕಳಿಗೂ ಟೀ, ನನಗೆ ಮಜ್ಜಿಗೆ.

ಈ ನಾಲಿಗೆ ನನಗೆ ಬಂದದ್ದು ಬ್ಯಾಂಕಿನ ವರ್ಗಾವಣೆಯಿಂದ. ನೀಲಗಿರಿಯ ಕೋಟಗಿರಿಯಲ್ಲಿ ಕೆಲವು ವರ್ಷ ಇದ್ದೆ. ಅಲ್ಲಿನ ಸಹೋದ್ಯೋಗಿಯೊಬ್ಬರು ಬಡಗರು. ಅವರ ಮಾತು ನಮ್ಮ ಕನ್ನಡಕ್ಕೆ ಹತ್ತಿರವಾದ್ದರಿಂದ ನಮ್ಮಿಬ್ಬರ ನಡುವೆ ತಮಿಳು ಬೇಗ ಬಿಟ್ಟುಹೋಯಿತು. ಎಲೆ ಚಹಾದ ರುಚಿ ನೋಡುವುದನ್ನು ಕಲಿಸಿದವರು ಅವರೇ. 100 ಮಿಲಿ ಕುದಿನೀರಿಗೆ 2 ಗ್ರಾಂ ಎಲೆ, ಮುಚ್ಚಳ ಹಾಕಿ 6 ನಿಮಿಷ. ಇದಕ್ಕೂ 1980ರ ಒಂದು ಅಂತರರಾಷ್ಟ್ರೀಯ ಪ್ರಮಾಣವಿದೆಯೆಂದು ತಿಳಿದಾಗ ನಕ್ಕಿದ್ದೆ. ಹಾಲಿಲ್ಲ, ಸಕ್ಕರೆಯಿಲ್ಲ, ಕಾಸರಗೋಡಿನ ಓದುಗರು ಕಟ್ಟನ್ ಚಾಯ ಎಂದುಕೊಳ್ಳಬಹುದು. ಮೊದಲು ಒದ್ದೆ ಎಲೆಯನ್ನು ಮೂಸಬೇಕು, ಆಮೇಲೆ ಸೊರ್ ಎಂದು ಗಾಳಿಯೊಡನೆ ಹೀರಬೇಕು. ಯಂತ್ರದಲ್ಲಿ ಜಜ್ಜಿ ಹರಿದು ಕಾಳಾಗಿಸಿದ ಸಿ.ಟಿ.ಸಿ. ಚಹಾದಲ್ಲಿ ಬಣ್ಣವೂ ಕಡುಪೂ ಬೇಗ ಬಿಡುತ್ತವೆ. ಬಾಡಿಸಿ, ಹೊಸೆದು, ಗಾಳಿಗೆ ಕೆಂಪಗಾಗಲು ಬಿಟ್ಟು ಒಣಗಿಸಿದ ಎಲೆಯಲ್ಲಿ ಪರಿಮಳ ನಿಧಾನವಾಗಿ ಬಿಚ್ಚಿಕೊಳ್ಳುತ್ತದೆ. ಡಿಸೆಂಬರ್, ಜನವರಿಯ ಚಳಿಗೆ ಚಿಗುರು ತಡೆದು ತಡೆದು ಬೆಳೆಯುವಾಗ ಆ ಪರಿಮಳ ಇನ್ನೂ ಹೆಚ್ಚು.

ಅವರ ಮನೆಗೆ ಎರಡು ಎಕರೆ ತೋಟವಿತ್ತು. ಕೊಯ್ದ ಹಸಿರೆಲೆ ಸಂಜೆಗೆ ತೂಕವಾಗಿ ಕಾರ್ಖಾನೆಗೆ ಹೋಗುತ್ತಿತ್ತು. ಅವರ ತಾಯಿ ನನಗೆ ಕೊಟ್ಟ ಟೀ ಅಂಗಡಿಯಿಂದ ತಂದ ಡಸ್ಟ್ ಪುಡಿಯದು. ಎರಡೆಲೆ ಒಂದು ಮೊಗ್ಗು ಆರಿಸುತ್ತ ಆ ಬೆರಳುಗಳು ಒರಟಾಗಿದ್ದವು. ರುಚಿಯನ್ನು ಹುಟ್ಟಿಸಿದ ಕೈ ಅವರದು, ಅದನ್ನು ವರ್ಣಿಸುವ ನಾಲಿಗೆ ನನ್ನದು. ನಾನು ಕಲಿತದ್ದು ತಿಳಿವೋ, ಬರೀ ಶೋಕಿಯೋ?

ಶೋಕಿ ಎಂದು ತಳ್ಳಿಹಾಕಲಾರೆ. ಹ್ಯೂಮ್ ಎಂಬ ತತ್ತ್ವಜ್ಞಾನಿ 1757ರಲ್ಲಿ ಅಭಿರುಚಿಯ ಬಗ್ಗೆ ಬರೆಯುತ್ತ, ಸರ್ವಾಂಟಿಸನ ಕಾದಂಬರಿಯ ಒಂದು ಕತೆಯನ್ನು ನೆನೆಯುತ್ತಾನೆ. ಒಂದು ಪೀಪಾಯಿಯ ದ್ರಾಕ್ಷಾರಸ ಹೇಗಿದೆಯೆಂದು ಇಬ್ಬರನ್ನು ಕೇಳಿದರು. ಚೆನ್ನಾಗಿದೆ, ಆದರೆ ತೊಗಲಿನ ರುಚಿ ಸ್ವಲ್ಪ ಇದೆ ಎಂದ ಒಬ್ಬ. ಕಬ್ಬಿಣದ ರುಚಿ ಎಂದ ಇನ್ನೊಬ್ಬ. ಜನ ನಕ್ಕರು. ಪೀಪಾಯಿ ಬರಿದಾದಾಗ ತಳದಲ್ಲಿ ತೊಗಲಿನ ದಾರ ಕಟ್ಟಿದ ಬೀಗದಕೈ ಸಿಕ್ಕಿತು. ಅಂದರೆ ಸೂಕ್ಷ್ಮ ನಾಲಿಗೆ ಇಲ್ಲದ್ದನ್ನು ಹೇಳುವುದಿಲ್ಲ. ಅಕ್ಕನ ಪುಡಿ ಹಳೆಯದೇ ಆಗಿತ್ತು.

ಆದರೆ ಅವರಿಬ್ಬರನ್ನು ಕೇಳಿದ್ದು ರಸದ ಗುಣವನ್ನು. ಅಕ್ಕ ಕೇಳಿದ್ದು ಅದನ್ನೇ ಏನು? ಚಳಿಯಲ್ಲಿ ಬಂದೆಯಲ್ಲ, ಈಗ ಹಿತವಾಯಿತೇ ಎಂದು ಅವಳು ಕೇಳಿದಳು. ನಾನು ಹರಾಜಿನ ಕಟ್ಟೆಯವನಂತೆ ದರ ಹೇಳಿದೆ. ಹಾಗೆಂದು ಸುಳ್ಳೇ ಹೊಗಳಬೇಕಿತ್ತು ಎನ್ನಲು ಮನಸ್ಸೊಪ್ಪದು. ಅದು ಅವಳನ್ನು ಎಳೆಮಗು ಮಾಡಿದಂತೆ. ಭರತನ ನಾಟ್ಯಶಾಸ್ತ್ರದಲ್ಲಿ ರಸವನ್ನು ಊಟದ ಸವಿಗೆ ಹೋಲಿಸುವಾಗ, ಸವಿಯುವವರನ್ನು 'ಸುಮನಸರು' ಎಂದಿದೆ. ಒಳ್ಳೆಯ ನಾಲಿಗೆಯವರು ಎಂದಿಲ್ಲ, ಒಳ್ಳೆಯ ಮನಸ್ಸಿನವರು ಎಂದಿದೆ. ಕಾಲೇಜಿನಲ್ಲಿ ಓದಿದಾಗ ಇದು ಬರೀ ಪರೀಕ್ಷೆಯ ಉತ್ತರವಾಗಿತ್ತು.

ಅಕ್ಕನ ನಾಲಿಗೆಯೇನು ಕಡಿಮೆಯಲ್ಲ. ಮುದ್ದೆ ಮುರಿದು ಬಾಯಿಗಿಟ್ಟರೆ ಹಿಟ್ಟು ಬೀಸಿ ಎಷ್ಟು ದಿನವಾಯಿತೆಂದು ಹೇಳಬಲ್ಲಳು. ಇದಕ್ಕೆ ಪ್ರಮಾಣ ಬರೆದವರಿಲ್ಲ, ಅಷ್ಟೆ.

ಹೋದ ತಿಂಗಳು ಕೋಟಗಿರಿಯ ಎಲೆ ಚಹಾ 100 ಗ್ರಾಂ ಒಯ್ದು, ಅವಳ ಒಲೆಯ ಮೇಲೆ ನಾನೇ ನೀರಿಟ್ಟು ಮಾಡಿಕೊಟ್ಟೆ. ಮೂಸಿ, ಒಂದು ಗುಟುಕು ಕುಡಿದು, ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ವಾಸ್ನೆ ಚೆನ್ನಾಗದ. ಆದ್ರ ನೀರು ಕಣಪ್ಪ ಇದು" ಎಂದಳು. "ನೀನು ಅವತ್ತು ಹೇಳ್ದಂಗೆ ನಾನೂ ದಿಟ ಹೇಳ್ದೆ."

ಇಬ್ಬರೂ ನಕ್ಕೆವು. ಅವಳು ಎದ್ದು ಹಾಲು ಕಾಯಲು ಇಟ್ಟು, ಹಳೆಯ ಡಬ್ಬಿಯಿಂದ ಪುಡಿ ಹಾಕಿದಳು. ಈ ಸಲ ನನಗೂ ಒಂದು ಲೋಟ ತೊಳೆದಿಟ್ಟಳು.